ಹಡಗಿನ ಮೇಷ್ಟ್ರು ಯಾವ ಕಪಾಟಿಗೆ?

ಹನ್ನೊಂದು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದರೂ ಆ ಕುರ್ಚಿ ನನ್ನದು ಎನ್ನುವ ಹಕ್ಕಿಲ್ಲದ ಮನುಷ್ಯನನ್ನು ಸರ್ಕಾರಿ ಭಾಷೆಯಲ್ಲಿ ಪ್ರಭಾರಿ ಎನ್ನುತ್ತಾರೆ. ಪುರಸಭೆಯ ಗ್ರಂಥಾಲಯದಲ್ಲಿ ಅಂಥವನೊಬ್ಬನಿದ್ದ. ಹಳೆಯ ಗ್ರಂಥಪಾಲಕರು ನಿವೃತ್ತರಾದ ದಿನ, "ಹೊಸಬರು ಬರೋವರೆಗೆ ಸ್ವಲ್ಪ ನೋಡ್ಕೊಳ್ಳಪ್ಪ" ಎಂದು ಬೀಗದ ಕೈ ಕೊಟ್ಟು ಹೋಗಿದ್ದರು. ಹೊಸಬರು ಬರಲಿಲ್ಲ, ಇವನು ನೋಡಿಕೊಳ್ಳುವುದೂ ತಪ್ಪಲಿಲ್ಲ. ಊರವರು ಅವನ ಹೆಸರನ್ನೇ ಮರೆತು ಪ್ರಭಾರಿ ಎಂದೇ ಕರೆಯುತ್ತಿದ್ದರು. ಮಾವನವರಂತೂ ಮನೆಗೆ ಬಂದಾಗಲೆಲ್ಲ, "ನಮ್ಮ ಮಗಳಿಗೆ ನೀವು ಖಾಯಂ ಗಂಡನೋ, ಅಲ್ಲೂ ಪ್ರಭಾರಿಯೋ?" ಎಂದು ಕೇಳಿ ತಾವೇ ಗಹಗಹಿಸಿ ನಗುತ್ತಿದ್ದರು. ಪ್ರಭಾರಿ ನಗುತ್ತಿರಲಿಲ್ಲ. ಅವನಿಗೆ ಹಾಸ್ಯ ಅರ್ಥವಾಗುತ್ತಿರಲಿಲ್ಲ ಎನ್ನುವುದು ಒಂದು ಕಾರಣ, ಮಾತು ನಿಜವಾಗಿತ್ತು ಎನ್ನುವುದು ಇನ್ನೊಂದು.

ಅವನ ಜೀವನದ ಆಸೆ ಒಂದೇ. ಮೇಜಿನ ಮೇಲಿನ ಹಲಗೆಯಲ್ಲಿ "ಪ್ರಭಾರಿ ಗ್ರಂಥಪಾಲಕ" ಎಂದಿದೆಯಲ್ಲ, ಅದರಲ್ಲಿ ಮೊದಲನೆಯ ಶಬ್ದ ಅಳಿಸಿ ಹೋಗಬೇಕು.

ಹೀಗಿರುವಾಗ ಒಂದು ಸೋಮವಾರ ಜಿಲ್ಲಾ ಕಚೇರಿಯಿಂದ ತಪಾಸಣೆ ಸಾಹೇಬರು ಬಂದರು. ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿಯ ಮನುಷ್ಯ. ಕಪಾಟುಗಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತ ಬಂದವರು 'ಪ್ರವಾಸ' ಎಂಬ ಕಪಾಟಿನಿಂದ ಒಂದು ಪುಸ್ತಕ ಎಳೆದರು. ಆಮೇಲೆ 'ಹಾಸ್ಯ' ಎಂಬ ಕಪಾಟಿನಿಂದ ಇನ್ನೊಂದು ಎಳೆದರು. ಎರಡೂ ಒಂದೇ ಪುಸ್ತಕ.

"ಏನ್ರೀ ಇದು? ಒಂದೇ ಪುಸ್ತಕಕ್ಕೆ ಎರಡು ಸಂಖ್ಯೆ, ಎರಡು ಕಪಾಟು! ಒಬ್ಬ ಮನುಷ್ಯ ಎರಡು ಮನೇಲಿ ಇರೋಕಾಗುತ್ತಾ? ಇದು ಪ್ರವಾಸವೋ, ಹಾಸ್ಯವೋ?"

ಪುಸ್ತಕದ ಹೆಸರು 'ಎಂಟು ದೇಶ, ಒಂದು ಕೊಡೆ'. ಬರೆದವರು ಅದೇ ಊರಿನ ಶಾಲೆಯ ಮೇಷ್ಟ್ರು. ಐವತ್ತು ವರ್ಷದ ಹಿಂದೆ ಕೊಡೆಯೊಂದನ್ನೇ ಹಿಡಿದು ಹಡಗು ಹತ್ತಿ, ಹದಿನಾಲ್ಕು ತಿಂಗಳು ಎಂಟು ದೇಶ ಸುತ್ತಿ ಬಂದು ಬರೆದದ್ದು. ಊರಿನಲ್ಲಿ ಅವರಿಗೆ ಹಡಗಿನ ಮೇಷ್ಟ್ರು ಎಂದೇ ಹೆಸರು. ಅವರು ತೀರಿಕೊಂಡು ಹನ್ನೆರಡು ವರ್ಷವಾಗಿದ್ದರೂ ಅವರ ಹೆಸರಿನ ರಸ್ತೆ ಇದೆ, ಬಸ್ ನಿಲ್ದಾಣದ ಮುಂದೆ ಕೊಡೆ ಹಿಡಿದ ಪ್ರತಿಮೆ ಇದೆ. ಪುಸ್ತಕವನ್ನು ಓದದವರು ಊರಿನಲ್ಲಿ ಇಬ್ಬರೇ: ಒಬ್ಬರು ಮೇಷ್ಟ್ರ ಹೆಂಡತಿ, ಇನ್ನೊಬ್ಬ ಪ್ರಭಾರಿ.

ಓದಿಲ್ಲ ಎಂದು ಹೇಳಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯನ ನಾಲಿಗೆ ಎಂಥದು ನೋಡಿ, ಅದಕ್ಕೆ ಎಲುಬಿಲ್ಲ. ಪ್ರಭಾರಿ ಗಂಟಲು ಸರಿಮಾಡಿಕೊಂಡು, "ಸರ್, ಆ ಕೃತಿಯ ಮೇಲೆ ನಾನೇ ಬಹಳ ಆಳವಾದ ಅಧ್ಯಯನ ನಡೆಸ್ತಾ ಇದೀನಿ" ಎಂದುಬಿಟ್ಟ.

ಸಾಹೇಬರ ಮುಖ ಅರಳಿತು. "ಭೇಷ್! ಹಾಗಾದ್ರೆ ಹದಿನೈದು ದಿನದಲ್ಲಿ ವರದಿ ಕೊಡಿ. ಪುಸ್ತಕ ಯಾವ ಕಪಾಟಿಗೆ ಸೇರಬೇಕು, ಆಧಾರ ಏನು, ಎಲ್ಲಾ ಇರಲಿ. ಹೇಗೂ ಅವತ್ತು ಪುಸ್ತಕದ ಐವತ್ತನೇ ವರ್ಷದ ಸಭೆ ಇದೆಯಂತಲ್ಲ, ಅಲ್ಲೇ ಓದಿ, ನಾನೂ ಬರ್ತೀನಿ. ವರದಿ ಚೆನ್ನಾಗಿದ್ರೆ ನಿಮ್ಮನ್ನ ಖಾಯಂ ಮಾಡೋಕೆ ನಾನೇ ಬರೀತೀನಿ. ಪುರಸಭೆ ಅಧ್ಯಕ್ಷರ ಸಹಿ ಒಂದು ಹಾಕಿಸ್ಕೊಳ್ಳಿ, ಮುಗೀತು."

ಖಾಯಂ! ಪ್ರಭಾರಿಗೆ ಕಿವಿಯಲ್ಲಿ ಗುಂಯ್ ಎಂದಿತು. ಆ ಸಂಜೆ ಎರಡೂ ಪ್ರತಿಗಳನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಹೋದ.

ಅಧ್ಯಯನ ಶುರುವಾಯಿತು. ಅಳತೆಪಟ್ಟಿ, ಭೂಪಟ, ಕೆಂಪು ಪೆನ್ಸಿಲು. ಮೊದಲ ದೇಶದ ಬಂದರಿನಲ್ಲಿ ಕಾವಲುಗಾರರು ಕೊಡೆಯನ್ನೇ ನೋಡಿರಲಿಲ್ಲವಂತೆ. "ಇದು ಆಯುಧ ಅಲ್ಲ ಅಂತ ತೋರಿಸು" ಎಂದರಂತೆ. ಮೇಷ್ಟ್ರು ಫಟ್ಟನೆ ಬಿಚ್ಚಿದರಂತೆ, ಹನ್ನೆರಡು ಕಾವಲುಗಾರರು ಬಂದೂಕು ಬಿಸಾಕಿ ನೆಲಕ್ಕೆ ಬೋರಲು ಬಿದ್ದರಂತೆ. ಪ್ರಭಾರಿ ಅಂಚಿನಲ್ಲಿ ಬರೆದ: 'ಕಾವಲುಗಾರರ ಸಂಖ್ಯೆ ಹನ್ನೆರಡು ಎಂಬುದಕ್ಕೆ ದಾಖಲೆ ಒದಗಿಸಿಲ್ಲ.' ಮೂರನೆಯ ದೇಶದ ಹೋಟೆಲಿನಲ್ಲಿ ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ಮೇಷ್ಟ್ರು ಮಲಗಿದವರು ಹಾಗೇ ಒಳಗೆ ಮುಳುಗಿಹೋದರಂತೆ. ಹೋಟೆಲಿನ ಆಳುಗಳು ಹಗ್ಗ ಇಳಿಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಮೇಲೆತ್ತಿದರಂತೆ. ಪ್ರಭಾರಿ ಬೆವರೊರೆಸಿಕೊಂಡು ಬರೆದ: 'ಹಾಸಿಗೆಯ ಆಳ ನಮೂದಿಸಿಲ್ಲ.'

ಹೆಂಡತಿ ಹಾಲು ಇಳಿಸಿ ಕೋಣೆಗೆ ಬಂದು ನೋಡುತ್ತಾಳೆ, ಗಂಡ ಮಂಚದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಪಕ್ಕ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿಕೊಂಡಿದ್ದಾನೆ.

"ರೀ! ಏನಾಯ್ತ್ರೀ?"

"ಅಲ್ಲಾಡಬೇಡ. ನಾಲ್ಕು ಬೆರಳು ಇಳಿದಿದೀನಿ. ಅರವತ್ತೆಂಟು ಕೆಜಿಗೆ ನಾಲ್ಕು ಬೆರಳಾದ್ರೆ, ಒಬ್ಬ ಮನುಷ್ಯ ಪೂರ್ತಿ ಮುಳುಗೋಕೆ ಎಷ್ಟು ಹತ್ತಿ ಬೇಕು ಹೇಳು?"

ಅವಳು ಬಿದ್ದಿದ್ದ ಪುಸ್ತಕ ಎತ್ತಿಕೊಂಡು ಆ ಪುಟ ಓದಿದಳು. ಅರ್ಧ ಓದುವಷ್ಟರಲ್ಲಿ ಸೆರಗು ಬಾಯಿಗೆ ಹೋಯಿತು, ಮುಗಿಯುವಷ್ಟರಲ್ಲಿ ಗೋಡೆಗೊರಗಿ ಕಣ್ಣೀರು ಸುರಿಸಿಕೊಂಡು ನಗುತ್ತಿದ್ದಳು.

ಪ್ರಭಾರಿ ದಂಗಾಗಿ ಎದ್ದು ಕೂತ. "ಒಬ್ಬ ಮನುಷ್ಯ ಪರದೇಶದಲ್ಲಿ ಹಾಸಿಗೇಲಿ ಮುಳುಗಿಹೋಗಿದಾನೆ, ನಿಂಗೆ ನಗು! ಹೆಂಗಸಿನ ಎದೆ ಇಷ್ಟು ಕಲ್ಲಾಗಬಾರದು ಕಣೆ."

ಐದನೆಯ ದೇಶದಲ್ಲಿ ಒಬ್ಬ ಕ್ಷೌರಿಕ ಸಿಗುತ್ತಾನೆ. ಎಷ್ಟು ನಿಧಾನವೆಂದರೆ, ಅವನು ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬಂದು ಅದನ್ನೂ ಮುಗಿಸುವಷ್ಟರಲ್ಲಿ ಬಲಗೆನ್ನೆಯಲ್ಲಿ ಮತ್ತೆ ಗಡ್ಡ ಬೆಳೆದಿರುತ್ತದೆ. ಹೀಗೆ ಮೇಷ್ಟ್ರು ಒಂಬತ್ತು ದಿನ ಆ ಕುರ್ಚಿಯಲ್ಲೇ ಇದ್ದರಂತೆ. ಇದನ್ನು ತಜ್ಞರಲ್ಲಿ ವಿಚಾರಿಸಬೇಕೆಂದು ಪ್ರಭಾರಿ ಬಸ್ ನಿಲ್ದಾಣದ ಎದುರಿನ ಕ್ಷೌರದಂಗಡಿಗೆ ಹೋದ. ಆ ಅಂಗಡಿಯ ಬಾಗಿಲ ಮೇಲೆ 'ಹಡಗಿನ ಮೇಷ್ಟ್ರಿಗೆ ಕ್ಷೌರ ಮಾಡಿದ ಅಂಗಡಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಹಡಗು ಹತ್ತುವ ಹಿಂದಿನ ದಿನ ಮೇಷ್ಟ್ರ ತಲೆಗೆ ಕತ್ತರಿ ಇಟ್ಟವನು ಈಗಿನವನ ಅಪ್ಪ.

"ಒಂದು ಕೆನ್ನೆ ಮುಗಿಯೋಷ್ಟರಲ್ಲಿ ಇನ್ನೊಂದು ಕೆನ್ನೇಲಿ ಗಡ್ಡ ಬೆಳೆಯೋದು ಸಾಧ್ಯವೋ, ಇಲ್ಲವೋ? ನಿಮ್ಮ ಅಭಿಪ್ರಾಯ ಬರವಣಿಗೇಲಿ ಕೊಡಿ" ಎಂದ ಪ್ರಭಾರಿ.

ಕ್ಷೌರಿಕನ ಕತ್ತಿ ಗಿರಾಕಿಯ ಗಂಟಲ ಹತ್ತಿರ ನಿಂತಿತು. "ಯಾಕ್ ಸ್ವಾಮಿ? ಮೇಷ್ಟ್ರು ಸುಳ್ಳು ಬರೆದಿದಾರೆ ಅಂತೀರಾ?"

"ನಾನು ಏನೂ ಅಂತಿಲ್ಲ. ಪರಿಶೀಲನೇಲಿದೆ."

ಪರಿಶೀಲನೆ! ಆ ಶಬ್ದ ಸಾಕು, ಯಾವ ಪುಣ್ಯಾತ್ಮನ ಹೆಸರಾದರೂ ಕೆಡಲು. ಕತ್ತಿ ಕೆಳಗಿಡುವ ಮೊದಲೇ ಕ್ಷೌರಿಕ ಅದನ್ನು ಆ ಗಿರಾಕಿಗೆ ಹೇಳಿದ, ಗಿರಾಕಿ ಅರ್ಧ ಸೋಪಿನ ಮುಖದಲ್ಲೇ ಎದ್ದುಹೋಗಿ ಟೀ ಅಂಗಡಿಯಲ್ಲಿ ಹೇಳಿದ.

ಇಲ್ಲಿಯವರೆಗೆ ಆದದ್ದು ಹುಡುಗಾಟ. ಹನ್ನೊಂದನೆಯ ದಿನ ಆದದ್ದೇ ಬೇರೆ.

ಪುಸ್ತಕಕ್ಕೆ ಮೊಟ್ಟಮೊದಲು ಯಾವ ಸಂಖ್ಯೆ ಕೊಟ್ಟಿದ್ದರು ಎಂದು ನೋಡಲು ಪ್ರಭಾರಿ ಗ್ರಂಥಾಲಯದ ಹಿಂದಿನ ಉಗ್ರಾಣ ತೆಗೆದು, ಐವತ್ತು ವರ್ಷದ ಹಿಂದಿನ ರಿಜಿಸ್ಟರುಗಳನ್ನು ಕೆಳಗಿಳಿಸಿದ. ಒಂದು ರಿಜಿಸ್ಟರು ಊದಿಕೊಂಡಿತ್ತು. ತೆರೆದರೆ ಪುಟಪುಟಕ್ಕೂ ಚೀಟಿ ಅಂಟಿಸಿದೆ. ಗ್ರಂಥಾಲಯದಲ್ಲಿ ಹದಿನೇಳನೆಯ ನಿಯಮ ಎಂದೊಂದಿದೆ: ಕಾಯಿಲೆಯಿಂದ ಖುದ್ದಾಗಿ ಬರಲಾಗದ ಸದಸ್ಯರು, ತಾವು ಮಲಗಿರುವ ಸ್ಥಳದ ವಿಳಾಸ ಬರೆದು, ಸಹಿ ಹಾಕಿ, ಬೇರೆಯವರ ಕೈಲಿ ಚೀಟಿ ಕಳಿಸಿ ಪುಸ್ತಕ ತರಿಸಿಕೊಳ್ಳತಕ್ಕದ್ದು. ಇವು ಆ ಚೀಟಿಗಳು. ಐವತ್ತೊಂಬತ್ತು ಚೀಟಿ, ವಾರಕ್ಕೊಂದು. ಎಲ್ಲದರ ಕೆಳಗೂ ಒಂದೇ ದುಂಡನೆಯ ಸಹಿ. ಆ ಸಹಿಯನ್ನು ಊರಿನಲ್ಲಿ ಯಾರೂ ಗುರುತಿಸದೆ ಇರಲಾರರು, ಪ್ರತಿಮೆಯ ಕೆಳಗೆ ಅದನ್ನೇ ಕೆತ್ತಿದ್ದಾರೆ.

ತಾರೀಕು ನೋಡಿದ. ಮೇಷ್ಟ್ರು ಹಡಗು ಹತ್ತಿದ ತಿಂಗಳಿಂದ ಶುರುವಾಗಿ, ಇಳಿದ ತಿಂಗಳಿಗೆ ಮುಗಿಯುತ್ತದೆ.

ಬೇಕೆಂದ ಪುಸ್ತಕ ನೋಡಿದ. ಜಗತ್ತಿನ ಭೂಪಟ. ಬಂದರುಗಳ ಪರಿಚಯ. ಸಮುದ್ರಯಾನದಲ್ಲಿ ವಾಂತಿಗೆ ಮನೆಮದ್ದು. ಜಗತ್ತಿನ ಭೂಪಟ, ಎರಡನೆಯ ಸಲ.

ವಿಳಾಸ ನೋಡಿದ. 'ಮಹಡಿ ಕೋಣೆ, ಗಡಿಯಾರದಂಗಡಿ ಯಜಮಾನರ ಮನೆ, ಪೇಟೆ ಬೀದಿ.' ಮೇಷ್ಟ್ರ ಮನೆಯಿಂದ ಎರಡೇ ಬೀದಿ ಆಚೆ!

ಪ್ರಭಾರಿ ಅಲ್ಲೇ ಏಣಿಯ ಕೆಳಮೆಟ್ಟಿಲ ಮೇಲೆ ಕುಸಿದು ಕೂತ. ಎಂಟು ದೇಶ ಹೋಗಲಿ, ಮನುಷ್ಯ ಪೇಟೆ ಬೀದಿಯನ್ನೇ ದಾಟಿಲ್ಲ! ಮಹಡಿಯಲ್ಲಿ ಅಡಗಿ ಕೂತು, ಗ್ರಂಥಾಲಯದ ಪುಸ್ತಕ ನೋಡಿ ಬರೆದಿದ್ದಾರೆ. ಅಡಗಿದ್ದರೂ ನಿಯಮದಂತೆ ಸರಿಯಾದ ವಿಳಾಸ ಬರೆದು ಸಹಿ ಹಾಕಿದ್ದಾರೆ, ಎಷ್ಟಾದರೂ ಮೇಷ್ಟ್ರು ನೋಡಿ. ಆಗಿನ ಗ್ರಂಥಪಾಲಕರು ಒಂದು ಚೀಟಿಯನ್ನೂ ಓದದೆ ಐವತ್ತೊಂಬತ್ತನ್ನೂ ಅಚ್ಚುಕಟ್ಟಾಗಿ ಅಂಟಿಸಿದ್ದಾರೆ, ಅವರೂ ಎಷ್ಟಾದರೂ ಸರ್ಕಾರಿ ನೌಕರರು.

ಆಗ ಪ್ರಭಾರಿಗೆ ಇನ್ನೊಂದು ವಿಷಯ ಹೊಳೆಯಿತು. ಆ ಗಡಿಯಾರದಂಗಡಿ ಯಜಮಾನರು ಈಗಿಲ್ಲ. ಅಂಗಡಿಯೂ ಮನೆಯೂ ಅವರ ಮಗನಿಗೆ ಬಂದಿದೆ. ಆ ಮಗನೇ ಈಗಿನ ಪುರಸಭೆ ಅಧ್ಯಕ್ಷರು. ಪ್ರಭಾರಿಯನ್ನು ಖಾಯಂ ಮಾಡುವ ಕಾಗದಕ್ಕೆ ಬೀಳಬೇಕಾದ ಸಹಿ ಅವರದೇ.

ಮನೆಗೆ ಬಂದು ಬಾಗಿಲು ಹಾಕಿ, ಕಿಟಕಿ ಹಾಕಿ, ಹೆಂಡತಿಯ ಕಿವಿಯಲ್ಲಿ ಹೇಳಿದ. ಅವಳು "ಆಂ!" ಎಂದು ಕಿರುಚಿದ್ದು ಹಾಕಿದ ಕಿಟಕಿಯನ್ನೂ ದಾಟಿ ಪಕ್ಕದ ಮನೆಯ ಟೈಲರಮ್ಮನಿಗೆ ಕೇಳಿಸಿತು.

"ರೀ, ಕೈಮುಗಿದು ಕೇಳ್ಕೋತೀನಿ. ಪ್ರವಾಸ ಅಂತ ಬರೆದು ಕೈ ತೊಳ್ಕೊಳ್ಳಿ. ಹನ್ನೊಂದು ವರ್ಷ ಕಾದಿದೀವಿ. ಸತ್ತವರು ಮಹಡೀಲಿದ್ರೆ ನಮಗೇನು, ಹಡಗಲ್ಲಿದ್ರೆ ನಮಗೇನು?"

"ಆದ್ರೆ ರಿಜಿಸ್ಟರಲ್ಲಿ ಇದೆಯಲ್ಲೇ!"

"ರಿಜಿಸ್ಟರು ಮಾತಾಡುತ್ತಾ? ನೀವು ಮಾತಾಡದೆ ಇದ್ರೆ ಸಾಕು."

ಅಷ್ಟರಲ್ಲಿ ಟೈಲರಮ್ಮ ಕೈಯಲ್ಲಿ ಅಳತೆ ಟೇಪು ಹಿಡಿದೇ ಬಂದುಬಿಟ್ಟಿದ್ದಳು. ಹೆಂಡತಿ ಏನೂ ಇಲ್ಲ ಎಂದಳು. ಏನೂ ಇಲ್ಲ ಎಂದವಳು ಮತ್ತೆ, "ಯಾರಿಗೂ ಹೇಳಬೇಡಿ, ಹಡಗಿನ ಮೇಷ್ಟ್ರು ಹಡಗೇ ಹತ್ತಿಲ್ಲವಂತೆ, ರಿಜಿಸ್ಟರಲ್ಲಿ ಇದೆಯಂತೆ" ಎಂದಳು. ಮಹಡಿಯ ವಿಷಯ ಮಾತ್ರ ಹಲ್ಲು ಕಚ್ಚಿ ನುಂಗಿಕೊಂಡಳು. ಟೈಲರಮ್ಮ ನಿಜಕ್ಕೂ ಯಾರಿಗೂ ಹೇಳಲಿಲ್ಲ, ಅಳತೆ ಕೊಡಲು ಬಂದವರಿಗೆ ಮಾತ್ರ ಹೇಳಿದಳು.

ಇಲಿ ಹೋದರೆ ಹುಲಿ ಹೋಯಿತು ಎನ್ನುವ ಊರದು. ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ 'ಮೇಷ್ಟ್ರು ಹಡಗು ಹತ್ತಿಲ್ಲ' ಎಂದಿದ್ದದ್ದು, ಹತ್ತು ಗಂಟೆಗೆ ಅಂಚೆ ಕಚೇರಿಯಲ್ಲಿ 'ಪುಸ್ತಕ ಬರೆದವರು ಮೇಷ್ಟ್ರಲ್ಲ' ಎಂದಾಯಿತು. ಮಧ್ಯಾಹ್ನ ಶಾಲೆಯಲ್ಲಿ 'ಅವರು ಮೇಷ್ಟ್ರೇ ಅಲ್ಲ', ಸಂಜೆ ಬಸ್ ನಿಲ್ದಾಣದಲ್ಲಿ 'ಅಂಥ ಮನುಷ್ಯ ಹುಟ್ಟೇ ಇಲ್ಲವಂತೆ'. ಜನ ಪ್ರತಿಮೆಯ ಮುಂದೆ ನಿಂತು, ಹಾಗಾದರೆ ಇಷ್ಟು ವರ್ಷ ಕೊಡೆ ಹಿಡಿದು ನಿಂತಿರುವ ಇವನು ಯಾರು ಎಂದು ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದರು. ಕ್ಷೌರಿಕ ಗ್ರಂಥಾಲಯಕ್ಕೆ ನುಗ್ಗಿ, "ಮೇಷ್ಟ್ರು ಹುಟ್ಟಿಲ್ಲ ಅಂದ್ರೆ ನಮ್ಮಪ್ಪ ಕತ್ತರಿಸಿದ್ದು ಯಾರ ತಲೆ ಸ್ವಾಮಿ?" ಎಂದು ಮೇಜು ಗುದ್ದಿದ.

ಅಧ್ಯಕ್ಷರಿಂದ ಕರೆ ಬಂತು.

ಗಡಿಯಾರದಂಗಡಿಯಲ್ಲಿ ನೂರಾರು ಗಡಿಯಾರ, ಒಂದೊಂದರಲ್ಲೂ ಒಂದೊಂದು ಹೊತ್ತು. ಅವುಗಳ ನಡುವೆ ಅಧ್ಯಕ್ಷರು ಕೆಂಡವಾಗಿ ಕೂತಿದ್ದರು. ಪ್ರಭಾರಿಯ ಕಣ್ಣು ತಾನಾಗಿಯೇ ಅಂಗಡಿಯ ಮೂಲೆಯ ಮರದ ಮೆಟ್ಟಿಲ ಕಡೆಗೆ ಹೋಯಿತು. ಅದು ಆ ಮಹಡಿ ಕೋಣೆಗೆ ಹೋಗುವ ಮೆಟ್ಟಿಲು.

"ಏನಯ್ಯಾ, ಊರಿನ ಮಾನ ಹರಾಜಿಗಿಡೋಕೆ ಹೊರಟಿದೀಯಾ? ಮೇಷ್ಟ್ರು ನಮ್ಮ ಮನೆತನದ ಸ್ನೇಹಿತರು! ಬಂದರಿನವರೆಗೆ ಹೋಗಿ ಹಡಗು ಹತ್ತಿಸಿ ಬಂದೋರು ನಮ್ಮಪ್ಪ! ಹಡಗು ಕಣ್ಮರೆ ಆಗೋವರೆಗೂ ಕರವಸ್ತ್ರ ಬೀಸ್ತಾನೇ ಇದ್ರು, ಕೈ ಊದಿಕೊಂಡಿತ್ತು! ನಾನಾಗ ಐದು ವರ್ಷದವನು, ನಾನೇ ಎಣ್ಣೆ ತಿಕ್ಕಿದೀನಿ ಆ ಕೈಗೆ!"

"ಆಗ ಸರ್... ನಿಮ್ಮ ಮಹಡೀಲಿ ಯಾರಾದ್ರೂ ಇದ್ರಾ?" ಪ್ರಭಾರಿಯ ದನಿ ಇಲಿಯ ದನಿಯಾಗಿತ್ತು.

"ಮಹಡೀಲಿ? ಯಾರೋ ಕಾಯಿಲೆಯವರಿದ್ರು. ಅಂಟುರೋಗ, ಮಕ್ಕಳು ಮೇಲೆ ಹೋಗಬಾರದು ಅಂತಿದ್ರು ಅಪ್ಪ. ಅದಕ್ಕೂ ಇದಕ್ಕೂ ಏನಯ್ಯಾ ಸಂಬಂಧ?" ಎನ್ನುತ್ತ ಅಧ್ಯಕ್ಷರು ಖಾನೆಯಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಪ್ರಭಾರಿಯನ್ನು ಖಾಯಂ ಮಾಡುವ ಶಿಫಾರಸು. ಟೈಪಾಗಿದೆ, ಮೊಹರು ಬಿದ್ದಿದೆ. ಸಹಿಯ ಜಾಗ ಮಾತ್ರ ಖಾಲಿ. "ಭಾನುವಾರ ಸಭೇಲಿ ಪ್ರವಾಸ ಅಂತ ಓದು, ಅಲ್ಲೇ ಎಲ್ಲರ ಮುಂದೆ ಸಹಿ ಹಾಕ್ತೀನಿ. ಬೇರೆ ಏನಾದ್ರೂ ಓದಿದ್ಯೋ, ಅಲ್ಲೇ ಹರಿದು ಹಾಕ್ತೀನಿ. ತಿಳೀತಾ?"

ಅತ್ತ ದರಿ, ಇತ್ತ ಪುಲಿ. ಪ್ರಭಾರಿ ತಲೆಯಾಡಿಸಿದ.

ಭಾನುವಾರ ಪುರಸಭೆಯ ಸಭಾಂಗಣ ತುಂಬಿ ತುಳುಕುತ್ತಿತ್ತು. ಕೂತವರಿಗಿಂತ ನಿಂತವರು ಜಾಸ್ತಿ. ವೇದಿಕೆಯ ಮೇಲೆ ಅಧ್ಯಕ್ಷರು, ತಪಾಸಣೆ ಸಾಹೇಬರು, ಬಾಡಿದ ಮುಖದ ಪ್ರಭಾರಿ. ಆಧಾರ ಕೇಳಿದರೆ ತೋರಿಸಬೇಕಲ್ಲ ಎಂದು ಹಾಳು ಅಭ್ಯಾಸಬಲದಿಂದ ಆ ಊದಿಕೊಂಡ ರಿಜಿಸ್ಟರನ್ನೂ ಬಗಲಲ್ಲಿ ತಂದಿದ್ದ. ಹೆಂಡತಿ ಕೆಳಗಿನಿಂದಲೇ ಅದನ್ನು ನೋಡಿ ಹಣೆ ಚಚ್ಚಿಕೊಂಡಳು.

ಸಭೆ ಶುರುವಾಗಬೇಕು, ಅಷ್ಟರಲ್ಲಿ ಬಾಗಿಲ ಬಳಿ ಗುಜುಗುಜು. ಜನ ತಾವಾಗಿಯೇ ದಾರಿ ಬಿಟ್ಟರು. ಮೇಷ್ಟ್ರಮ್ಮ ಬಂದಿದ್ದರು. ಮೇಷ್ಟ್ರ ಹೆಂಡತಿ, ಎಂಬತ್ತೆರಡು ವರ್ಷ, ಕೈಯಲ್ಲಿ ಕೋಲು, ಹಿಂದೆ ಮಗ ಸೊಸೆ. ಐವತ್ತು ವರ್ಷದಲ್ಲಿ ಗಂಡನ ಯಾವ ಸಭೆಗೂ ಬಾರದ ಹೆಂಗಸು. 'ಮೂರು ಮಕ್ಕಳನ್ನ ನನ್ನ ಕೊರಳಿಗೆ ಕಟ್ಟಿ ದೇಶ ಸುತ್ತೋಕೆ ಹೋದ ಮನುಷ್ಯನ ಪುಸ್ತಕ ನಾನು ಮುಟ್ಟಲ್ಲ' ಎಂದು ಆಣೆ ಮಾಡಿದ್ದವರು. ಅವರು ಮೊದಲನೆಯ ಸಾಲಿನಲ್ಲಿ ಕೂತರು. ಅಧ್ಯಕ್ಷರು ಎದ್ದು ಕೈಮುಗಿದರೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ರಿಜಿಸ್ಟರಿನ ಮೇಲಿತ್ತು.

ಪ್ರಭಾರಿ ಎದ್ದ. ಕಾಗದ ಬಿಡಿಸಿ ಓದತೊಡಗಿದ. "ಹದಿನೈದು ದಿನಗಳ ಸತತ ಅಧ್ಯಯನದ ಬಳಿಕ, ಸದರಿ ಕೃತಿಯು... ಪ್ರವಾಸ... ಪ್ರವಾಸ ಎಂಬ ಕಪಾಟಿಗೆ..."

ಚಪ್ಪಾಳೆ! ಕ್ಷೌರಿಕ ಶಿಳ್ಳೆ ಹೊಡೆದ. ಅಧ್ಯಕ್ಷರು ಜೇಬಿನಿಂದ ಶಿಫಾರಸಿನ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಹೆಂಡತಿ ಕಣ್ಣೊರೆಸಿಕೊಂಡಳು.

"ಒಂದು ನಿಮಿಷ ತಡಿಯಪ್ಪ." ಮೇಷ್ಟ್ರಮ್ಮ ಕೂತಲ್ಲಿಂದಲೇ ಕೋಲೆತ್ತಿದರು. "ಅವರು ಹೋಗಿದ್ರೋ, ಇಲ್ವೋ? ಅಷ್ಟು ಹೇಳು."

"ಪುಸ್ತಕದ ಪ್ರಕಾರ ಹೋಗಿದ್ರು, ಅಮ್ಮಾ."

"ಪುಸ್ತಕ ಬಿಡು. ನಿನ್ನ ರಿಜಿಸ್ಟರಲ್ಲಿ ಏನೋ ಇದೆಯಂತಲ್ಲ, ಊರೆಲ್ಲ ಹೇಳ್ತಿದೆ. ಅದರ ಪ್ರಕಾರ?"

ಪ್ರಭಾರಿ ಅಧ್ಯಕ್ಷರ ಕಡೆ ನೋಡಿದ, ಅವರು ಕಾಗದವನ್ನು ಎರಡೂ ಕೈಯಲ್ಲಿ ಹರಿಯುವವರ ಹಾಗೆ ಹಿಡಿದಿದ್ದರು. ಹೆಂಡತಿಯ ಕಡೆ ನೋಡಿದ, ಅವಳು ಬಾಯಿಯ ಮೇಲೆ ಬೆರಳಿಟ್ಟಿದ್ದಳು. ಮೇಷ್ಟ್ರಮ್ಮನ ಕಡೆ ನೋಡಿದ. ಐವತ್ತು ವರ್ಷ ಮನಸ್ಸಲ್ಲಿಟ್ಟುಕೊಂಡ ಪ್ರಶ್ನೆ ಕೇಳುವವರ ಮುಖ ಅದು. ಪ್ರಭಾರಿಗೆ ಹಾಸ್ಯ ತಿಳಿಯದಿರಬಹುದು, ಇದು ತಿಳಿಯಿತು. ಅವನಿಗೆ ತುಂಬ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಖಾಯಂ ಹೋಯಿತು ಎಂದು ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು, ರಿಜಿಸ್ಟರು ತೆರೆದ.

"ಮೈ ಹುಷಾರಿಲ್ಲದ ಕಾರಣ ಜಗತ್ತಿನ ಭೂಪಟವನ್ನು ಕಳಿಸಿಕೊಡಬೇಕಾಗಿ ವಿನಂತಿ. ಸಹಿ, ಮೇಷ್ಟ್ರು. ಇದು ಅವರು ಹಡಗು ಹತ್ತಿದ ಒಂಬತ್ತನೇ ದಿನದ ಚೀಟಿ. ಹೀಗೆ ಐವತ್ತೊಂಬತ್ತಿವೆ, ಅಮ್ಮಾ."

ಹೋ ಎಂಬ ಉದ್ಗಾರ ಎದ್ದಿತು. ತಪಾಸಣೆ ಸಾಹೇಬರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಅಧ್ಯಕ್ಷರು, "ಸುಳ್ಳು! ನಕಲಿ!" ಎಂದು ಕೂಗಿದರು.

"ಸುಮ್ನಿರೋ ನೀನು!" ಮೇಷ್ಟ್ರಮ್ಮನ ಒಂದೇ ಗದರಿಕೆಗೆ ಅಧ್ಯಕ್ಷರು ಐದು ವರ್ಷದ ಹುಡುಗನಾದರು. "ವಿಳಾಸ ಏನಂತ ಬರೆದಿದಾರಪ್ಪ?"

"ಮಹಡಿ ಕೋಣೆ," ಎಂದ ಪ್ರಭಾರಿ ಕಣ್ಣು ಮುಚ್ಚಿಕೊಂಡು. "ಗಡಿಯಾರದಂಗಡಿ ಯಜಮಾನರ ಮನೆ. ಪೇಟೆ ಬೀದಿ."

ಇಡೀ ಸಭೆಯ ತಲೆ ಒಟ್ಟಿಗೆ ಅಧ್ಯಕ್ಷರ ಕಡೆ ಹೊರಳಿತು. ಅಧ್ಯಕ್ಷರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅಂಟುರೋಗದ ಕಾಯಿಲೆಯವರು ಯಾರೆಂದು ಅವರಿಗೂ ಆಗಲೇ ಗೊತ್ತಾದದ್ದು.

ಮೇಷ್ಟ್ರಮ್ಮ ನಿಧಾನವಾಗಿ, ತಮಗೇ ಹೇಳಿಕೊಂಡಂತೆ ಶುರು ಮಾಡಿದರು.

"ನಾನೇ ಅಂದಿದ್ದೆ. 'ಬರೀತೀನಿ ಬರೀತೀನಿ ಅಂತ ಮಕ್ಕಳ ಮೇಲೆ ರೇಗ್ತಾ ಕೂತಿರ್ತೀರಲ್ಲ, ಎಲ್ಲಾದ್ರೂ ದೇಶ ಬಿಟ್ಟು ಹೋಗಿ ಬರ್ಕೊಳ್ಳಿ' ಅಂತ. ಮನುಷ್ಯ ಎರಡು ಬೀದಿ ಆಚೆ ಹೋಗಿ ಕೂತರಾ? ನಾನು ಇಲ್ಲಿ ಹಡಗು ಮುಳುಗೀತೇನೋ ಅಂತ ಗಾಳಿ ಬೀಸಿದಾಗೆಲ್ಲ ಅತ್ತಿದೀನಲ್ಲೋ!" ಅವರ ದನಿ ಏರಿ, ಕೋಲು ಅಧ್ಯಕ್ಷರ ಕಡೆ ತಿರುಗಿತು. "ಏಯ್, ನಿಮ್ಮಪ್ಪ ವಾರವಾರ ಬರ್ತಿದ್ದನಲ್ಲೋ, 'ಮೇಷ್ಟ್ರಿಂದ ಕಾಗದ ಬಂತು' ಅಂತ! ಕೈಗೆ ಕೊಡಿ ಅಂದ್ರೆ, 'ಸಮುದ್ರದ ಗಾಳಿ ತಾಗಿದ ಕಾಗದ, ಮುಟ್ಟಿದ್ರೆ ಪುಡಿಯಾಗುತ್ತೆ' ಅಂತ ತಾನೇ ಓದ್ತಿದ್ದ! ದಿನಾ ಮಧ್ಯಾಹ್ನ ಬಂದು ನಮ್ಮನೇಲಿ ಉಂಡು, 'ಮಹಡೀಲಿ ಒಬ್ರು ಕಾಯಿಲೆಯವರಿದಾರೆ ಪಾಪ' ಅಂತ ಇನ್ನೊಂದು ಡಬ್ಬಿ ತುಂಬಿಸ್ಕೊಂಡು ಹೋಗ್ತಿದ್ದ! ಒಂದಿನ ಉಪ್ಪು ಕಮ್ಮಿ ಅಂತ ಕಾಯಿಲೆಯವರು ಹೇಳಿ ಕಳಿಸಿದ್ರು! ಸಾಯೋ ಹೊತ್ತಲ್ಲೂ ಇಷ್ಟು ನಾಲಿಗೆ ಚಪಲ ಯಾರಿಗಪ್ಪಾ ಅಂದ್ಕೊಂಡಿದ್ದೆ ನಾನು!"

ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರಮ್ಮನ ಕೋಲು ನೆಲಕ್ಕೆ ಬಡಿಯಿತು, ನಗು ಅಲ್ಲೇ ಸತ್ತಿತು.

"ಬಂದ ಮೇಲೆ ಕೇಳಿ! ಎಂಟು ದೇಶ ಸುತ್ತಿ ದಣಿದು ಬಂದಿದಾರೆ ಅಂತ ಸಾಯೋವರೆಗೂ ಒಂದು ಲೋಟ ಎತ್ತಿಡಿ ಅನ್ಲಿಲ್ಲ. ಮೂವತ್ತೆಂಟು ವರ್ಷ ಕಾಲೊತ್ತಿದೀನಿ! ಮಹಡಿ ಇಳಿದು ಬಂದ ಕಾಲು!"

ಈಗ ತಡೆಯಲಾಗಲಿಲ್ಲ. ಮೊದಲು ಟೈಲರಮ್ಮ, ಆಮೇಲೆ ಅಂಚೆಯವನು, ಆಮೇಲೆ ಇಡೀ ಸಭಾಂಗಣ. ಕ್ಷೌರಿಕ ನೆಲದ ಮೇಲೆ ಕೂತುಬಿಟ್ಟ. ತಪಾಸಣೆ ಸಾಹೇಬರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ನಗದೆ ನಿಂತವರು ಇಬ್ಬರೇ. ಒಬ್ಬರು ಅಧ್ಯಕ್ಷರು, ಇನ್ನೊಬ್ಬ ಪ್ರಭಾರಿ. ಇಷ್ಟು ಗಂಭೀರವಾದ ದಾಖಲೆಗೆ ಜನ ಯಾಕೆ ನಗುತ್ತಿದ್ದಾರೆಂದು ಅವನು ಕಂಗಾಲಾಗಿ ನೋಡುತ್ತಿದ್ದ.

ಅಧ್ಯಕ್ಷರ ಸಿಟ್ಟು ಇಳಿಯುವುದಕ್ಕೆ ಒಂದೇ ಜಾಗ ಉಳಿದಿತ್ತು. "ಎಲ್ಲಾ ನಿನ್ನಿಂದ!" ಎಂದು ಪ್ರಭಾರಿಯ ಕಡೆ ತಿರುಗಿ ಶಿಫಾರಸಿನ ಕಾಗದ ಎತ್ತಿದರು. ಅಂಚಿನಲ್ಲಿ ಒಂದು ಬೆರಳಷ್ಟು ಹರಿದೂ ಹರಿಯಿತು. ಕೆಳಗೆ ಹೆಂಡತಿ, "ಅಯ್ಯೋ!" ಎಂದಳು.

"ಹರೀಬೇಡ, ಇಡು ಕೆಳಗೆ." ಮೇಷ್ಟ್ರಮ್ಮ ಎದ್ದು ನಿಂತಿದ್ದರು. "ನಿಮ್ಮ ಮಹಡಿ ಕೋಣೆ ಈಗ ಖಾಲಿ ಇದೆಯೇನೋ?"

"ಖಾಲಿ... ಖಾಲಿ ಇದೆ, ಅಮ್ಮಾ. ಯಾಕೆ?"

"ಸೊಸೆ, ನಂದು ಎರಡು ಜೊತೆ ಬಟ್ಟೆ ಕಟ್ಟು. ನಾನು ವಿದೇಶಕ್ಕೆ ಹೋಗ್ತಿದೀನಿ."

"ಅತ್ತೇ!" ಎಂದು ಸೊಸೆ ಹೌಹಾರಿದಳು. "ಅಮ್ಮಾ!" ಎಂದು ಮಗ ತೊದಲಿದ.

"ಹದಿನಾಲ್ಕು ತಿಂಗಳು ಎಂಟು ದೇಶ ಸುತ್ತಿ ಬರ್ತೀನಿ. ಅಲ್ಲೀವರೆಗೆ ನಿಮ್ಮ ಅಡುಗೆ ನೀವೇ ಮಾಡ್ಕೊಳ್ಳಿ. ಲೇ ಅಧ್ಯಕ್ಷ, ನಂಗೆ ದಿನಾ ಎರಡು ಹೊತ್ತಿನ ಊಟ ಬಿಸಿಬಿಸಿಯಾಗಿ ಮಹಡಿಗೆ ಬರಬೇಕು. ನೀನೇ ತರಬೇಕು, ಆಳಿನ ಕೈಲಿ ಕಳಿಸಂಗಿಲ್ಲ. ಉಪ್ಪು ಕಮ್ಮಿಯಾದ್ರೆ ಹೇಳಿ ಕಳಿಸ್ತೀನಿ."

ಅಧ್ಯಕ್ಷರು ಸಹಾಯಕ್ಕಾಗಿ ಸಾಹೇಬರ ಕಡೆ ನೋಡಿದರು. ಸಾಹೇಬರು ಚಾವಣಿ ನೋಡುತ್ತಿದ್ದರು.

"ಮತ್ತೆ ಈ ಹುಡುಗ," ಮೇಷ್ಟ್ರಮ್ಮ ಕೋಲನ್ನು ಪ್ರಭಾರಿಯ ಕಡೆ ಚಾಚಿದರು. ಅವನಿಗೆ ನಲವತ್ತೇಳು ವರ್ಷ. "ಐವತ್ತು ವರ್ಷದಲ್ಲಿ ನನಗೆ ನಿಜ ಹೇಳಿದ ಗಂಡಸು ಇವನೊಬ್ಬನೇ. ಆ ಕಾಗದಕ್ಕೆ ಈಗ ಸಹಿ ಹಾಕ್ತೀಯೋ, ಇಲ್ಲಾ ನಾನು ಹದಿನಾರು ದೇಶ ಸುತ್ತಿಕೊಂಡು ಬರಲೋ?"

ಅಧ್ಯಕ್ಷರು ಎಲ್ಲ ಜೇಬುಗಳನ್ನೂ ತಡಕಿದರು. ಪೆನ್ನು ಸಿಗಲಿಲ್ಲ. ತಪಾಸಣೆ ಸಾಹೇಬರು ತಮ್ಮದನ್ನು ಮುಚ್ಚಳ ತೆಗೆದೇ ಕೊಟ್ಟರು.